2005ರ ಜುಲೈ 26ರಂದು ನಿಮ್ಮ ಗಾಡಿ ಎಲ್ಲಿತ್ತು?

ಮಾಟುಂಗದಲ್ಲಿ ಮದುವೆಯ ಊಟಕ್ಕೆ ಕುಳಿತಾಗ, ಮುಲುಂಡಿನಲ್ಲಿ ಯಕ್ಷಗಾನ ಮುಗಿದು ಚಪ್ಪಲಿ ಹುಡುಕುವಾಗ, ಒಮ್ಮೆ ಸಾಯನ್ನಿನ ಸ್ಮಶಾನದ ಗೇಟಿನ ಬಳಿಯೂ ನನ್ನನ್ನು ಹಿಡಿದು ನಿಲ್ಲಿಸಿ ಜನ ಕೇಳಿದ ಪ್ರಶ್ನೆ ಒಂದೇ. "ಅಪ್ಪನ ಹಳೆಯ ಫಿಯಟ್ ಇದೆ. ಸ್ವಲ್ಪ ತುಕ್ಕು ಹಿಡಿದಿದೆ. ಸರಿ ಮಾಡಿಸಬಹುದೇ?"

31 ವರ್ಷ ಮುಂಬಯಿಯಲ್ಲಿ ವಾಹನ ವಿಮೆಗಾಗಿ ನಷ್ಟ ಅಳೆಯುವ ಸರ್ವೇಯರ್ ಆಗಿದ್ದವನಿಗೆ ಇಂಥ ಪ್ರಶ್ನೆ ಬರುವುದು ಸಹಜ. ವೈದ್ಯರಿಗೆ ಮಂಡಿನೋವು, ನನಗೆ ತುಕ್ಕು. ಈಚೆಗೆ ಕೇಳುವವರು ಹೆಚ್ಚಾಗಿದ್ದಾರೆ, ಏಕೆಂದರೆ ಚೆಂಬೂರಿನಿಂದ ಬೊರಿವಲಿಯವರೆಗೆ ಹಳೆಯ ಬಿಲ್ಡಿಂಗುಗಳೆಲ್ಲ, ಕೆಡವಿ ಹೊಸದಾಗಿ ಕಟ್ಟಲು, ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಹತ್ತಾರು ವರ್ಷ ಮೂಲೆಯಲ್ಲಿ ನೀಲಿ ಟಾರ್ಪಾಲ್ ಹೊದ್ದು ಮಲಗಿದ್ದ ಗಾಡಿಯನ್ನು ತಿಂಗಳೊಳಗೆ ತೆಗೆಯಬೇಕೆಂದು ಸೊಸೈಟಿಯ ಕಾಗದ ಬರುತ್ತದೆ. ಆಗ ಎಲ್ಲರಿಗೂ ಅಪ್ಪ ನೆನಪಾಗುತ್ತಾರೆ.

ಆ ವಾಕ್ಯದಲ್ಲಿ ನಾನು ನಂಬದ ಪದ 'ಸ್ವಲ್ಪ'. ಪೂರ್ತಿ ತುಕ್ಕು ಹಿಡಿದಿದೆ ಎಂದು ಇದುವರೆಗೆ ಯಾರೂ ಹೇಳಿಲ್ಲ. ಅದರ ಬೆನ್ನಿಗೇ ಬರುವ ಇನ್ನೊಂದು ಮಾತು, "ಎಂಜಿನ್ ಮಾತ್ರ ಬೆಣ್ಣೆಯ ಹಾಗಿದೆ." ಇರಲಿ. ಫಿಯಟ್ಟಿನ 1089 ಸಿಸಿ ಎಂಜಿನ್ ಅಷ್ಟು ಸರಳವಾದದ್ದು. ಕೈಯಲ್ಲಿ ಎಣ್ಣೆ ಅಂಟಿಸಿಕೊಂಡ ಯಾವ ಹಳೆಯ ಮೆಕ್ಯಾನಿಕ್ ಬೇಕಾದರೂ ಅದನ್ನು ಬಿಚ್ಚಿ, ರಿಂಗ್ ಬದಲಿಸಿ, ವಾಲ್ವ್ ತಿಕ್ಕಿ, ಮತ್ತೆ ಕೂರಿಸುತ್ತಾನೆ. ಎಂಜಿನ್ ಸತ್ತಿದ್ದರೂ ನನಗೆ ಚಿಂತೆಯಿಲ್ಲ. ನಾನು ನೋಡುವುದು ನೆಲವನ್ನು.

ಜೀಪಿಗಾದರೆ ಕೆಳಗೆ ಬೇರೆಯದೇ ಚಾಸಿ ಇರುತ್ತದೆ, ಅದರ ಮೇಲೆ ಮೈಯನ್ನು ಕೂರಿಸಿರುತ್ತಾರೆ. ಮೈ ಕೊಳೆತರೂ ಎಲುಬು ಉಳಿಯುತ್ತದೆ. ಫಿಯಟ್ ಆ ಜಾತಿಯದಲ್ಲ, ಅಂಬಾಸಿಡರ್ ಕೂಡ ಅಲ್ಲ. ಇವುಗಳ ತಗಡೇ ಎಲುಬು. ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದು ಟೊಳ್ಳು ತೊಲೆ ಹೋಗುತ್ತದೆ, ನಾನು ಅದನ್ನು ಹೊಸ್ತಿಲು ಎನ್ನುತ್ತೇನೆ. ಗಾಡಿ ನಡುವಿನಲ್ಲಿ ಕುಸಿಯದಂತೆ ಹಿಡಿದಿರುವುದು ಮುಖ್ಯವಾಗಿ ಆ ಎರಡು ಹೊಸ್ತಿಲುಗಳು ಮತ್ತು ಅವುಗಳ ನಡುವಿನ ನೆಲ. ಹಿಂದಿನ ಪಟ್ಟಿ ಸ್ಪ್ರಿಂಗುಗಳನ್ನು ಕಚ್ಚಿಸಿದ ಜಾಗವೂ ಅದೇ ತಗಡಿನ ಭಾಗ. ಬಾನೆಟ್ ತೂತಾದರೆ ಇನ್ನೊಂದು ಬಾನೆಟ್ ತರಬಹುದು. ಹೊಸ್ತಿಲು ಹೋದರೆ ಗಾಡಿಯೇ ಹೋಯಿತು, ಅದು ನಿಂತಿರುವುದು ಅಭ್ಯಾಸಬಲದಿಂದ.

ಹಾಗಾಗಿ ನನ್ನ ಮೊದಲ ಮರುಪ್ರಶ್ನೆ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. 2005ರ ಜುಲೈ 26ರಂದು ಈ ಗಾಡಿ ಎಲ್ಲಿತ್ತು?

ಆ ದಿನ ಸಾಂತಾಕ್ರೂಜಿನ ಮಾಪಕದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ಕುರ್ಲಾ, ಕಲೀನಾ ಕಡೆ ಮನೆಗಳೊಳಗೆ ನುಗ್ಗಿತು. ಮುಂದಿನ ತಿಂಗಳುಗಳಲ್ಲಿ ನಾನು ನೋಡಿದಷ್ಟು ಮುಳುಗಿದ ಗಾಡಿಗಳನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅವುಗಳಲ್ಲಿ ಒಂದು ನನ್ನ ಸೋದರಮಾವನದೇ. ಕುರ್ಲಾ ಪಶ್ಚಿಮದಲ್ಲಿ ಅವರದೊಂದು ಸಣ್ಣ ಹೋಟೆಲು. ಅದರ ಹಿಂದಿನ ಓಣಿಯಲ್ಲಿ ನಿಲ್ಲಿಸುತ್ತಿದ್ದ 1986ರ ಬಿಳಿ ಪದ್ಮಿನಿ (ಫಿಯಟ್ಟಿನದೇ ಆಮೇಲಿನ ಹೆಸರು), ಅದೇ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ್ದು, ಸೀಟಿನ ಮಟ್ಟಕ್ಕೆ ಮುಳುಗಿತು. ನೀರು ಇಳಿದ ಮೇಲೆ ತೊಳೆದರು, ಎಂಜಿನ್ ಬಿಚ್ಚಿ ಆಯಿಲ್ ಬದಲಿಸಿದರು, ಸೀಟುಗಳನ್ನು ತಾರಸಿಯ ಮೇಲೆ ಒಣಗಿಸಿದರು. ಗಾಡಿ ಸ್ಟಾರ್ಟ್ ಆದ ದಿನ ಮಾವ ಗಿರಾಕಿಗಳಿಗೆಲ್ಲ ಲಾಡು ಹಂಚಿದರು. ಹೊಸ್ತಿಲಿನ ಹೊಟ್ಟೆಯಲ್ಲಿ ಏನು ಉಳಿದಿದೆಯೆಂದು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ಅದು ನನ್ನ ಕೆಲಸವಾಗಿದ್ದರೂ.

ಮಾವ ಹೋದ ಮೇಲೆ ಗಾಡಿ ಭಾಂಡುಪಿಗೆ, ಅವರ ಮಗನ ಬಿಲ್ಡಿಂಗಿಗೆ ಬಂತು. ಕೆಲವು ವರ್ಷಗಳ ಹಿಂದೆ ಆ ಮಗ, ಅಂದರೆ ನನ್ನ ಭಾವ, ನನ್ನನ್ನು ಕರೆದ. ಪೇಂಟ್ ಮಾಡಿಸಿ ಇಟ್ಟಿದ್ದ, ಹಾಲಿನ ಹಾಗೆ ಹೊಳೆಯುತ್ತಿತ್ತು. "ಸ್ವಲ್ಪ ಕೆಳಗೆ ತುಕ್ಕು ಇದೆಯಂತೆ ಭಾವ, ನೀನು ಒಮ್ಮೆ ನೋಡಿಬಿಡು."

ನಾನು ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಮೇಲಿನಿಂದ ಕೆಳಗೆ ಎಳೆಯುತ್ತಾ ಬಂದೆ. ಹಿಡಿಯ ಎತ್ತರದಲ್ಲಿ ಗಟ್ಟಿಯಾಗಿ ಕಚ್ಚಿದ್ದು ಕೆಳಗಿನ ಗೇಣಿನಲ್ಲಿ ಜಾರಿ ಕೈಗೆ ಬಂತು. ಅಲ್ಲಿದ್ದದ್ದು ತಗಡಲ್ಲ, ತೂತು ಮುಚ್ಚಲು ಮೆತ್ತುವ ಪುಟ್ಟಿ. ಬೆರಳಿನ ಗೆಣ್ಣಿನಿಂದ ಬಡಿದರೆ ಮೇಲೆ ಟಣ್ ಎನ್ನುತ್ತಿತ್ತು, ಕೆಳಗೆ ಹಲಸಿನಕಾಯಿ ಬಡಿದ ಸದ್ದು. ಹೊಸ್ತಿಲಿನ ಅಡಿಗೆ ಕಪ್ಪಗೆ ಡಾಂಬರಿನಂಥದ್ದನ್ನು ದಪ್ಪಗೆ ಬಳಿದಿದ್ದರು. ಅದನ್ನು ಕೆರೆದು ಸ್ಕ್ರೂಡ್ರೈವರಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆಳೆದಾಗ ಆ ತೂತಿನಿಂದ ಬೂದು ಬಣ್ಣದ ಪುಡಿ ಸುರಿಯತೊಡಗಿತು. ಜರಡಿ ಹಿಡಿದ ರಾಗಿ ಹಿಟ್ಟಿನಷ್ಟು ನುಣುಪು, ನಡುನಡುವೆ ಹಪ್ಪಳದ ಚೂರುಗಳಂತೆ ತುಕ್ಕಿನ ಚಕ್ಕೆಗಳು. ಮೀಠಿಯ ಕೆಸರು. ಪ್ರತಿ ಮಳೆಗಾಲದಲ್ಲಿ ಒದ್ದೆಯಾಗಿ, ಪ್ರತಿ ಬೇಸಿಗೆಯಲ್ಲಿ ಅರ್ಧ ಒಣಗಿ, ಅಷ್ಟು ವರ್ಷ ಅಲ್ಲೇ ಕುಳಿತು ತಿಂದಿತ್ತು.

ನಂಬಿಕೆ ಬರಲೆಂದು ಭಾವ ಜಾಕ್ ತಂದ. ಜಾಕ್ ಏರಿತು, ಗಾಡಿ ಏರಲಿಲ್ಲ. ಬಿಸ್ಕತ್ತು ಮುರಿದಂಥ ಸದ್ದಾಯಿತು, ಅಷ್ಟೇ.

ತುಕ್ಕು ಗೆದ್ದಲಿನ ಹಾಗೆ, ಕತ್ತಲಲ್ಲಿ ಕೆಲಸ ಮಾಡುತ್ತದೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ಸಿಕ್ಕರೆ ಸಾಕು, ಉಪ್ಪು ಸೇರಿದರೆ ವೇಗ ಹೆಚ್ಚುತ್ತದೆ. ಸಮುದ್ರದ ಮಗ್ಗುಲಲ್ಲಿರುವ ಈ ಊರಿನಲ್ಲಿ ಮೂರಕ್ಕೂ ಬರವಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣದಡಿ ಗುಳ್ಳೆ ಏಳುವುದು. ಒಳಗಿನಿಂದ ಬಂದ ತುಕ್ಕಾದರೆ ಆ ಗುಳ್ಳೆ ಕಾಣುವ ಹೊತ್ತಿಗೆ ತಗಡಿನ ಒಳಮೈ ಮುಗಿದಿರುತ್ತದೆ. ನಮ್ಮವರು ಕಾಳಜಿಯಿಂದ ಹೊದಿಸುವ ಟಾರ್ಪಾಲ್ ಇದಕ್ಕೆ ಒಳ್ಳೆಯ ಹಾಸಿಗೆ. ನೆಲದ ತೇವ ಮೇಲೆ ಬಂದು ಹೊರಹೋಗಲಾರದೆ ಒಳಗೇ ಹನಿಯಾಗುತ್ತದೆ. ಬಿಸಿಲಿಗೆ ಬಣ್ಣ ಮಾಸಿದರೂ ಚಿಂತೆಯಿಲ್ಲ, ದಯವಿಟ್ಟು ಟಾರ್ಪಾಲ್ ತೆಗೆಯಿರಿ.

ಇದಕ್ಕೆ ತದ್ವಿರುದ್ಧವಾದದ್ದನ್ನು ಪುಣೆಯಲ್ಲಿ ನೋಡಿದೆ. ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಕೊಟ್ಟಿಗೆಯಲ್ಲಿ ಒಂದು 1968ರ ಫಿಯಟ್ ಡಿಲೈಟ್. ಧಾರವಾಡದ ಕಡೆಯ ಮಾಸ್ತರರೊಬ್ಬರದು. ನೋಡಿದರೆ ಅಳು ಬರಬೇಕು. ಚಾವಣಿ, ಬಾನೆಟ್ ಎಲ್ಲ ಕಂದು, ಬಣ್ಣವೆಂಬುದೇ ಇಲ್ಲ. ಮಾಸ್ತರರು ಗುಜರಿಯವನನ್ನು ಆಗಲೇ ಕರೆಸಿದ್ದರು. ನಾನು ಒಳಗಿನ ತೆಂಗಿನ ನಾರಿನ ಚಾಪೆ ಎತ್ತಿದೆ. ಕೆಳಗೆ ಕಾರ್ಖಾನೆಯ ಬಣ್ಣ ಹಾಗೇ ಇತ್ತು. ಬೆನ್ನ ಮೇಲೆ ಮಲಗಿ ಟಾರ್ಚ್ ಹಿಡಿದು ಅರ್ಧ ಗಂಟೆ ಕುಟ್ಟಿದೆ, ಎಲ್ಲಿಯೂ ಸ್ಕ್ರೂಡ್ರೈವರ್ ಇಳಿಯಲಿಲ್ಲ. ಜಾಕ್ ಮೇಲೆ ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದು ಮುಚ್ಚಿದೆ. ನೆಲದ ಮೇಲಿದ್ದಾಗ ಹೇಗೆ ಕೂಡಿಕೊಂಡವೋ ಹಾಗೆಯೇ ಕೂಡಿಕೊಂಡವು. (ಎತ್ತಿದಾಗ ಬಾಗಿಲು ಸಿಕ್ಕಿಕೊಂಡರೆ ಮೈ ಬಾಗುತ್ತಿದೆ ಎಂದರ್ಥ.) ಮುಂಬಯಿಯಲ್ಲಿ ಬೀಳುವ ಮಳೆಯ ಮೂರನೆಯ ಒಂದರಷ್ಟು ಪುಣೆಯಲ್ಲಿ ಬೀಳುತ್ತದೆ, ಸಮುದ್ರ ಘಟ್ಟದ ಆಚೆ. ಮೇಲಿನ ಕಂದು ಬರೀ ಚರ್ಮರೋಗ, ಕೆರೆದರೆ ಬೆಳ್ಳಗೆ ಹೊಳೆಯುವ ಲೋಹ. "ಗುಜರಿಯವನಿಗೆ ಚಹಾ ಕೊಟ್ಟು ಕಳಿಸಿರಿ ಸರ್" ಎಂದೆ.

ಖರ್ಚು ಎಷ್ಟು ಎಂದು ಕೇಳುತ್ತೀರಿ. ತಗಡಿನ ಕೆಲಸಕ್ಕೆ, ಇಲ್ಲಿಯವರ ಮಾತಿನಲ್ಲಿ ಪತ್ರಾ ಕೆಲಸಕ್ಕೆ, ಬಣ್ಣ ಕೆರೆಯುವ ಮೊದಲು ಲೆಕ್ಕ ಕೊಡುವವನು ಊಹಿಸುತ್ತಿದ್ದಾನೆ. ಕೆರೆದ ಮೇಲೆ ಅದು ಎರಡು ಪಟ್ಟು, ಮೂರು ಪಟ್ಟು ಆದದ್ದನ್ನು ನೋಡಿದ್ದೇನೆ. ಆದ್ದರಿಂದ ಮೊದಲು ಕೆರೆಯುವುದಕ್ಕಷ್ಟೇ ಹಣ ಕೊಡಿ, ಬರಿಮೈ ನೋಡಿ ಆಮೇಲೆ ಮಾತಾಡಿ. ಹಳೆಯ ತಗಡಿನ ಮೇಲೆ ಹೊಸ ತಗಡು ಹಚ್ಚಿ ಬೆಸೆಯುತ್ತೇನೆ ಎನ್ನುವವನಿಂದ ದೂರವಿರಿ. ಎರಡರ ನಡುವೆ ನೀರು ಕೂರುತ್ತದೆ, ಎರಡು ಮಳೆಗಾಲಕ್ಕೆ ಎರಡೂ ಮುಗಿಯುತ್ತವೆ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಗ್ಯಾಸ್ ವೆಲ್ಡಿಂಗಿನ ಕಾವಿಗೆ ತೆಳು ತಗಡು ಸೊಟ್ಟಗಾಗುತ್ತದೆ, ಸಿಒ2 ವೆಲ್ಡಿಂಗ್ ಇರುವಲ್ಲಿ ಮಾಡಿಸಿ. ಹೊಸ್ತಿಲಿನ ಅಡಿಯ ನೀರು ಬಸಿಯುವ ತೂತುಗಳನ್ನು ಮುಚ್ಚಿದರೆ ಅವನ ಕೂಲಿ ಹಿಡಿಯಿರಿ.

ಮಾರಿದರೆ ಹಾಕಿದ ಹಣ ಬರುತ್ತದೆಯೇ? ಬರುವುದಿಲ್ಲ. ವಿಮೆಯ ಲೆಕ್ಕದಲ್ಲಿ ದುರಸ್ತಿ ಖರ್ಚು ಪಾಲಿಸಿಯಲ್ಲಿ ಬರೆದ ಘೋಷಿತ ಮೌಲ್ಯದ ಶೇ. 75ನ್ನು ದಾಟಿದರೆ ಗಾಡಿ ಪೂರ್ತಿ ನಷ್ಟ. ಆ ಕಣ್ಣಿನಿಂದ ನೋಡಿದರೆ ತುಕ್ಕು ಹಿಡಿದ ಪ್ರತಿಯೊಂದು ಫಿಯಟ್ಟೂ ಎಂದೋ ಸತ್ತಿದೆ. ಅಪ್ಪನ ನೆನಪಿಗೆ ಮಾಡಿಸುತ್ತೇನೆ ಎನ್ನಿ, ನನಗೆ ಅರ್ಥವಾಗುತ್ತದೆ. ಹೂಡಿಕೆ ಎನ್ನಬೇಡಿ.

ಬಿಡಿಭಾಗಗಳ ಕಥೆ ಈಗ ಬದಲಾಗಿದೆ. ಕಪ್ಪು-ಹಳದಿ ಫಿಯಟ್ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಫಿಯಟ್ಟಿನ ಸಾಮಾನು ಓಣಿ ಓಣಿಯಲ್ಲಿತ್ತು. ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿದು 2023ರಲ್ಲಿ ರಸ್ತೆಯಿಂದ ಇಳಿಯಿತು. ಟ್ಯಾಕ್ಸಿ ಹೋದ ಹಿಂದೆಯೇ ಅದನ್ನು ನಂಬಿದ್ದ ಅಂಗಡಿಯವನೂ ಬೇರೆ ಸಾಮಾನು ಇಡುತ್ತಾನೆ, ಸ್ಟೀರಿಂಗ್ ಪಕ್ಕದ ಗೇರು ಕಡ್ಡಿಯ ಸಡಿಲು ಕಿವಿಯಿಂದಲೇ ಹೇಳುತ್ತಿದ್ದ ಮೆಕ್ಯಾನಿಕ್ ಊರಿಗೆ ಹೋಗುತ್ತಾನೆ. ಕುರ್ಲಾದ ಸಿಎಸ್‌ಟಿ ರಸ್ತೆ, ಪುಣೆಯ ಜೂನಾ ಬಜಾರ್ ಅಲೆಯುವ ತಾಳ್ಮೆ ಇದ್ದವರಿಗೆ ಇನ್ನೂ ಏನಾದರೂ ಸಿಗುತ್ತದೆ.

ಕಾಗದಪತ್ರದ ವಿಷಯ ಬೇಸರದ್ದು, ಬೇಗ ಮುಗಿಸುತ್ತೇನೆ. ಆರ್‌ಸಿ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ಫಾರ್ಮ್ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸಬೇಕು, ಅಕ್ಕತಂಗಿಯರ ಒಪ್ಪಿಗೆಯನ್ನೂ ಮೊದಲೇ ಪಡೆದಿಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗೆ 2021ರ ನಿಯಮದಂತೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಅದರಲ್ಲಿ ದಿನನಿತ್ಯ ಓಡಾಡುವಂತಿಲ್ಲ. ಆರ್‌ಸಿಯೇ ಕಳೆದುಹೋಗಿದ್ದರೆ ಆರ್‌ಟಿಒಗೆ ಮೊದಲು ಹೋಗಿ, ಗ್ಯಾರೇಜಿಗೆ ಆಮೇಲೆ.

ಭಾವನಿಗೆ ನಾನು ಅಂದು ಹೇಳಿದ್ದು, ಬೇಡ. ಅವನಿಗೆ ಸಿಟ್ಟು ಬಂತು. "ನೀನು ವಿಮೆಯವನು, ನಿನಗೆ ಎಲ್ಲದರಲ್ಲೂ ನಷ್ಟವೇ ಕಾಣುವುದು" ಎಂದ. ನಾನು ಕೇಳಿದ್ದು ಇಷ್ಟೇ: "ಎಲ್ಲ ಸರಿ ಮಾಡಿಸಿದ ಮೇಲೆ ಎಲ್ಲಿ ನಿಲ್ಲಿಸುತ್ತೀಯಾ?" ಅವನು ಬೆರಳು ತೋರಿಸಿದ್ದು ಅದೇ ಜಾಗವನ್ನು, ಮೇಲಿನ ಪೈಪಿನಿಂದ ನೀರು ತೊಟ್ಟಿಕ್ಕುವ, ಗೋಡೆಗೆ ಪಾಚಿ ಹಿಡಿದ ಮೂಲೆ. ತುಕ್ಕು ಹಿಡಿಸಿದ ಜಾಗದಲ್ಲೇ ಹೊಸ ತಗಡನ್ನೂ ನಿಲ್ಲಿಸುವುದಾದರೆ ಯಾವ ವೆಲ್ಡರ್ ಏನು ಮಾಡಿಯಾನು? ನನ್ನನ್ನು ಕೇಳುವ ಹತ್ತರಲ್ಲಿ ಎಂಟು ಮಂದಿ ಈ ಪ್ರಶ್ನೆಗೆ ಸುಮ್ಮನಾಗುತ್ತಾರೆ, ಇರುವ ಒಂದು ಪಾರ್ಕಿಂಗಿನಲ್ಲಿ ಹೊಸ ಕಾರು ನಿಂತಿರುತ್ತದೆ.

ಭಾವ ಸುಮ್ಮನಾಗಲಿಲ್ಲ. ಹೆಂಡತಿಯ ಅಣ್ಣನಿಗೆ ಪುಣೆ ಹತ್ತಿರ ತಳೇಗಾಂವದಲ್ಲಿ ಶೀಟು ಹಾಕಿದ ಒಂದು ಗೋದಾಮು ಇತ್ತು, ಟ್ರಕ್ಕಿನಲ್ಲಿ ಗಾಡಿಯನ್ನು ಅಲ್ಲಿಗೆ ಸಾಗಿಸಿದ. ಸೊಲ್ಲಾಪುರದ ಕಡೆಯ ಕನ್ನಡದ ಮುದುಕ ಪತ್ರಾ ಕೆಲಸಗಾರನೊಬ್ಬ ಸಿಕ್ಕಿದ. ಎರಡು ಹೊಸ್ತಿಲು, ಪೂರ್ತಿ ನೆಲ, ಬಾಗಿಲುಗಳ ಕೆಳಭಾಗ, ಎಲ್ಲವನ್ನೂ ಕೈಯಲ್ಲೇ ಬಡಿದು ಮಾಡಿದ. ಒಂದೂಮುಕ್ಕಾಲು ವರ್ಷ, 3,80,000 ರೂಪಾಯಿ. ಹೋದ ಜನವರಿಯಲ್ಲಿ ಅದರಲ್ಲೇ ಅತ್ತೆಯನ್ನು ಕೂರಿಸಿಕೊಂಡು ಆಳಂದಿಗೆ ಹೋಗಿ ಬಂದೆವು. ನಾನು ಹಿಂದಿನ ಸೀಟಿನಲ್ಲಿದ್ದೆ. ದಾರಿಯುದ್ದಕ್ಕೂ ಕಾಲಿನ ಕೆಳಗಿನ ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದೆ, ಅತ್ತೆ ಗಮನಿಸಿದರು, ಏನೂ ಹೇಳಲಿಲ್ಲ.

ನಿಮ್ಮದನ್ನೂ ನೋಡಿ ಹೇಳಬೇಕೆಂದಿದ್ದರೆ ದೀಪಾವಳಿಗೆ ಕರೆಯಬೇಡಿ, ಆಗ ಎಲ್ಲ ಗಾಡಿಗಳೂ ಚೆನ್ನಾಗಿರುತ್ತವೆ. ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ ಕರೆಯಿರಿ, ನೀರು ಎಲ್ಲಿಂದ ಇಳಿಯುತ್ತದೆ ಎಂಬುದು ಕಣ್ಣಿಗೇ ಕಾಣಬೇಕು. ಒಂದು ಜಾಕ್, ಮಲಗಲು ಒಂದು ಹಳೆಯ ಚಾಪೆ ಇಟ್ಟಿರಿ. ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ. ಮತ್ತು ಅದನ್ನು ಒತ್ತುವಾಗ ಪಕ್ಕದಲ್ಲಿ ನಿಂತು "ಮೆಲ್ಲಗೆ, ಮೆಲ್ಲಗೆ" ಎನ್ನಬೇಡಿ.