ಎಡಸುತ್ತಿನ ಒಂದು ಸ್ಪ್ರಿಂಗ್

9 ಮಾರ್ಚ್ 2025, ಭಾನುವಾರ

ಹಳೆಯ ಗಾಳಿ ರೈಫಲ್ಲಿಗಾಗಿ ತರಿಸಿದ ಎರಡನೆಯ ಪೊಟ್ಟಣವನ್ನು ಇಂದು ಬೆಳಿಗ್ಗೆ ಬಿಚ್ಚಿದೆ. ಒಳಗಿದ್ದ ಸ್ಪ್ರಿಂಗನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಪಕ್ಕದಲ್ಲಿ ಕಳೆದ ತಿಂಗಳು ಬಂದಿದ್ದ ಜೋಡಿಯಲ್ಲಿ ಒಂದನ್ನು ಇಟ್ಟು ನೋಡಿದೆ. ಹಳೆಯದರ ಸುತ್ತುಗಳು ಬಲಕ್ಕೆ ಏರುತ್ತಿದ್ದರೆ ಹೊಸದರವು ಎಡಕ್ಕೆ ಏರುತ್ತಿದ್ದವು. ಇಷ್ಟು ದಿನ ಕಾಯುತ್ತಿದ್ದುದು ಇದೊಂದಕ್ಕಾಗಿಯೇ.

ರೈಫಲ್ಲು ಫೈನ್‌ವೆರ್ಕ್‌ಬೌ 300ಎಸ್. 1970ರ ದಶಕದಲ್ಲಿ ಜರ್ಮನಿಯ ಓಬರ್ನ್‌ಡೋರ್ಫ್ ಎಂಬ ಊರಿನಲ್ಲಿ, 10 ಮೀಟರ್ ಗುರಿ ಸ್ಪರ್ಧೆಗೆಂದೇ ತಯಾರಾದದ್ದು. ಪಕ್ಕದ ಸನ್ನೆಯನ್ನು ಹಿಂದಕ್ಕೆ ಎಳೆದರೆ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಅದುಮುತ್ತದೆ, ಆ ಗಾಳಿ ಪೆಲೆಟ್ಟನ್ನು, ಅಂದರೆ ಪುಟ್ಟ ಗುಂಡನ್ನು, ಹೊರದೂಡುತ್ತದೆ, ಜೊತೆಗೆ ನಳಿಗೆಯೂ ಸಿಲಿಂಡರೂ ಸೇರಿದ ಲೋಹದ ಭಾಗವಿಡೀ ಹಳಿಯ ಮೇಲಿನ ಬಂಡಿಯಂತೆ ತುಸು ಹಿಂದಕ್ಕೆ ಜಾರುತ್ತದೆ. ಒದೆತವೆಲ್ಲ ಆ ಜಾರುವಿಕೆಯಲ್ಲೇ ಕಳೆದುಹೋಗುವುದರಿಂದ ಕೆನ್ನೆಗೊತ್ತಿದ ಮರದ ಹಿಡಿ ಅಲುಗುವುದಿಲ್ಲ. ಇಷ್ಟು ಸಾಲದೆಂಬಂತೆ, ಇದರಲ್ಲಿ ಒಂದು ಉದ್ದ ಸ್ಪ್ರಿಂಗಿನ ಬದಲು ಒಂದರ ಹಿಂದೆ ಒಂದರಂತೆ ಎರಡನ್ನು ಕೂರಿಸಿದ್ದಾರೆ. ಅದುಮಿದ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಉದ್ದವಾಗುವುದರ ಜೊತೆಗೆ ತುಸು ತಿರುಚಿಕೊಳ್ಳುತ್ತದೆ, ಆ ತಿರುಚು ಬಂದೂಕಿಗೂ ತಗಲುತ್ತದೆ. ಒಂದು ಬಲಸುತ್ತು, ಇನ್ನೊಂದು ಎಡಸುತ್ತು ಇದ್ದರೆ ಒಂದರ ತಿರುಚನ್ನು ಇನ್ನೊಂದು ಹೊಡೆದುಹಾಕುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ಬೈಗುಳವಾಗಿ ಬಳಸುವ ನಮಗೆ, ಅದನ್ನೇ ಗುಣವಾಗಿಸಿಕೊಂಡ ಯಂತ್ರ ಇದು.

ನಾನು ಎಡವಿದ್ದು ಇಲ್ಲಿಯೇ. ಡಿಸೆಂಬರಿನಲ್ಲಿ ರೈಫಲ್ಲನ್ನು ಬಿಚ್ಚಿದಾಗ ಹಿಂದಿನ ಜೋಡಿಯಲ್ಲಿ ಒಂದು ಸ್ಪ್ರಿಂಗ್ ಎರಡು ತುಂಡಾಗಿತ್ತು, ಇನ್ನೊಂದು ಬಾಗಿತ್ತು. ತಂತಿಯ ದಪ್ಪ, ಹೊರವ್ಯಾಸ, ಸುತ್ತುಗಳ ಎಣಿಕೆ, ಉದ್ದ ಎಲ್ಲವನ್ನೂ ಬರೆದುಕೊಂಡು, ಹಳೆಯ ಬಂದೂಕುಗಳ ಬಿಡಿಭಾಗ ಮಾರುವವರೊಬ್ಬರಿಗೆ "ಇಂಥವು ಎರಡು ಬೇಕು" ಎಂದು ಕೇಳಿದೆ. ಅವರು ಕೇಳಿದ್ದನ್ನೇ ಕಳುಹಿಸಿದರು: ಅಚ್ಚುಕಟ್ಟಾದ ಎರಡು ಸ್ಪ್ರಿಂಗುಗಳು, ಎರಡೂ ಬಲಸುತ್ತಿನವು. ಅಂದು ಒಂದನ್ನು ತಲೆಕೆಳಗು ಮಾಡಿ ನೋಡಿದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಲಸುತ್ತಿನ ಸ್ಕ್ರೂವನ್ನು ಯಾವ ತುದಿಯಿಂದ ನೋಡಿದರೂ ಅದು ಬಲಸುತ್ತಿನದೇ ಎಂಬುದು ಗೊತ್ತಿದ್ದೂ ಆ ಹೊತ್ತಿಗೆ ಕೈ ಕೇಳಲಿಲ್ಲ.

ಅಳತೆಯ ಬಗ್ಗೆ ಇನ್ನೊಂದು ವಿಷಯವನ್ನೂ ಬರೆದಿಡಬೇಕು. ವರ್ಷಗಟ್ಟಲೆ ದುಡಿದ ಸ್ಪ್ರಿಂಗ್ ಕುಗ್ಗಿರುತ್ತದೆಯಾದ್ದರಿಂದ ಅದರ ಈಗಿನ ಉದ್ದವನ್ನು ನಂಬಿ ಹೊಸದನ್ನು ತರಿಸಿದರೆ ಕುಗ್ಗಿದ ಬಲವೇ ಮತ್ತೆ ಕೈಸೇರುತ್ತದೆ. ನಂಬಬಹುದಾದದ್ದು ತಂತಿಯ ದಪ್ಪ ಮತ್ತು ಸುತ್ತುಗಳ ಸಂಖ್ಯೆ, ಅದರಲ್ಲಿಯೂ ದಪ್ಪವನ್ನು ಅಳೆಯುವಾಗ ಮೈಯೆಲ್ಲ ಕಣ್ಣಾಗಿರಬೇಕು. ಸ್ಪ್ರಿಂಗಿನ ಬಿಗಿತ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ಬೇರೆಲ್ಲ ಅಳತೆಗಳು ಒಂದೇ ಆಗಿದ್ದು 3 ಮಿ.ಮೀ. ಬದಲು 3.1 ಮಿ.ಮೀ. ತಂತಿ ಬಂದರೆ ಸ್ಪ್ರಿಂಗ್ ಶೇ. 14ರಷ್ಟು ಗಡುಸಾಗಿರುತ್ತದೆ. ಸ್ಕೇಲಿನಲ್ಲಿ ಅಳೆದು ಬಿಡಿಭಾಗ ಕೇಳುವವರನ್ನು ಕಂಡರೆ ಈಗ ನನಗೂ ಸಿಟ್ಟು ಬರುತ್ತದೆ.

ಉಳಿದ ಭಾಗಗಳು ಇಷ್ಟು ಕಾಡಲಿಲ್ಲ. ಈ ಮಾದರಿಯ ಪಿಸ್ಟನ್ನಿಗೆ ಚರ್ಮದ ವಾಷರ್ ಇಲ್ಲ, ಎಂಜಿನ್ನಿನಲ್ಲಿರುವಂಥ ಲೋಹದ ರಿಂಗ್ ಇದೆ. ಹಿಂದಿನವರು ಯಾರೋ ಧಾರಾಳವಾಗಿ ಎಣ್ಣೆ ಸುರಿದು ಹೊಡೆದಿದ್ದರೆಂದು ತೋರುತ್ತದೆ. ಗಾಳಿ ತಟ್ಟನೆ ಅದುಮಿದಾಗ ಕಾಯುವ ಬಿಸಿಗೆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಹತ್ತಿಕೊಳ್ಳುವಂತೆಯೇ ಹತ್ತಿಕೊಂಡು, ಸಿಲಿಂಡರಿನ ಗೋಡೆಯ ಮೇಲೆ ಒಲೆಯ ಮೇಲಿನ ಪಾತ್ರೆಯ ತಳದಂಥ ಕರಿ ಕಟ್ಟಿತ್ತು. ರಿಂಗ್ ಮಾತ್ರ ಗಟ್ಟಿಮುಟ್ಟಾಗಿತ್ತು. ನಳಿಗೆಯೂ ಸಿಲಿಂಡರೂ ಕೂಡುವ ಜಾಗದ ಸೀಲ್ ಉಗುರೊತ್ತಿದರೂ ತಗ್ಗದಷ್ಟು ಗಡುಸಾಗಿತ್ತು. ಅದನ್ನು ಜನವರಿಯಲ್ಲೇ ಬದಲಿಸಿದ್ದೆ.

ಮಧ್ಯಾಹ್ನ ಜೋಡಣೆಗೆ ಕುಳಿತೆ. ಎರಡು ಸ್ಪ್ರಿಂಗುಗಳಿಗೂ ತೆಳುವಾಗಿ ಗ್ರೀಸ್ ಸವರಿ, ನಡುವಿನ ಬಿಲ್ಲೆಯನ್ನು ಕೂರಿಸಿ, ಉದ್ದನೆಯ ಬಡಗಿ ಕ್ಲ್ಯಾಂಪಿನಿಂದ ಮೆಲ್ಲನೆ ಬಿಗಿಯುತ್ತ ಹೋದೆ. ಬರಿಗೈಯಲ್ಲಿ ಅದುಮಲು ಹೋದವರ ಹಲ್ಲುಗಳ ಕಥೆ ಕೇಳಿದ್ದೇನೆ, ಆದ್ದರಿಂದ ಮುಖವನ್ನು ಸ್ಪ್ರಿಂಗಿನ ನೇರಕ್ಕೆ ತರಲಿಲ್ಲ. ಹಿಂದಿನ ಮುಚ್ಚಳ ಕೂತ ಮೇಲೆ ಕ್ಲ್ಯಾಂಪ್ ಸಡಿಲಿಸಿ, ಸನ್ನೆ ಎಳೆದೆ. ಸನ್ನೆ ಮರಳಿ ಜಾರದಂತೆ ತಡೆಯುವ ಹಲ್ಲುಕಟ್ಟು ಒಂದೊಂದಾಗಿ ಟಕಟಕ ಎಂದು ಹಿಡಿಯುತ್ತ ಹೋಯಿತು.

ಸೀಲಿನ ಜಾಗದ ಮೇಲೆ ತೆಳು ಕಾಗದದ ಪಟ್ಟಿಯೊಂದನ್ನು ಇಟ್ಟು, ಪೆಲೆಟ್ ತುಂಬಿ ಹೊಡೆದೆ. ಗಾಳಿ ಸೋರುತ್ತಿದ್ದರೆ ಆ ಪಟ್ಟಿ ಹಾರಬೇಕು, ಹಾರಲಿಲ್ಲ. ವೇಗಮಾಪಕದ ಮುಂದೆ 0.53 ಗ್ರಾಂ ತೂಕದ ಪೆಲೆಟ್ಟುಗಳನ್ನು ಹತ್ತು ಬಾರಿ ಹೊಡೆದಾಗ ಸರಾಸರಿ ಸೆಕೆಂಡಿಗೆ 165 ಮೀಟರ್ ಬಂದಿತು. ಲೆಕ್ಕ ಹಾಕಿದರೆ ಇದು ಸುಮಾರು 7.2 ಜೂಲ್ ಆಗುತ್ತದೆ. ಜರ್ಮನಿಯಲ್ಲಿ ಪರವಾನಗಿ ಬೇಡದ ಗಾಳಿ ಬಂದೂಕಿಗೆ ನಿಗದಿಯಾಗಿರುವ 7.5 ಜೂಲ್ ಮಿತಿಗೆ ತುಸು ಕೆಳಗೆ. ಸಂಖ್ಯೆಗಿಂತ ಹೆಚ್ಚು ಸಂತೋಷವಾದದ್ದು ಹತ್ತೂ ಹೊಡೆತಗಳು ಹೆಚ್ಚುಕಡಿಮೆ ಒಂದೇ ವೇಗ ತೋರಿಸಿದ್ದಕ್ಕೆ. ಈ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಕೇವಲ ಅರ್ಧ ಮಿ.ಮೀ., ವೇಗ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುವ ರೈಫಲ್ಲಿಗೆ ಅಲ್ಲಿ ಕೆಲಸವಿಲ್ಲ.

ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಕೊಳವೆಯೊಳಗೆ ಕೂರುವ ಉಂಗುರ ಇನ್ನೂ ಸಿಕ್ಕಿಲ್ಲ. ಸಿಕ್ಕ ಎರಡು ಉಂಗುರಗಳೂ ಒಳಗೆ ಗಡಗಡ ಆಡುತ್ತವೆ. ಸಂಜೆ ಬರಿ ಕೊಳವೆಯ ಅಂಚನ್ನೇ ನೆಚ್ಚಿಕೊಂಡು ಐದು ಹೊಡೆತ ಹೊಡೆದೆ. ಪ್ರತಿ ಸಲವೂ ಹಿಂದಿನ ಡಯಾಪ್ಟರ್ (ಕಣ್ಣಿಟ್ಟು ನೋಡುವ ಸಣ್ಣ ಕಿಂಡಿ) ಜಾರುವ ಲೋಹದ ಭಾಗದ ಜೊತೆಗೆ ಸರಿದು ಕಣ್ಣಿನತ್ತ ಒಂದಿಷ್ಟು ಬಂದು ನಿಲ್ಲುತ್ತಿತ್ತು, ಹಿಡಿ ಕೆನ್ನೆಯಡಿಯಲ್ಲಿ ಇದ್ದಲ್ಲೇ ಇತ್ತು.