ಹೊಗೆಸೊಪ್ಪಿನ ಹೊಳೆಯಿಂದ ಕಲ್ಲುಗೋಡೆಯ ಊರಿಗೆ

ನಾವು ಪಿರಿಯಾಪಟ್ಟಣದ ಕಡೆಯವರು. ನಮ್ಮಲ್ಲಿ ಬ್ಯಾರನ್ ಎಂಬ ಬಿಸಿಮನೆಯಲ್ಲಿ ಬೇಯಿಸುವ ಹೊಗೆಸೊಪ್ಪಿಗೆ ‘ವರ್ಜೀನಿಯಾ’ ಎಂದೇ ಹೆಸರು. ಸಸಿಮಡಿ ಹಾಕುವಾಗ, ಸೊಪ್ಪು ಮುರಿಯುವಾಗ, ಹರಾಜಿಗೆ ಬೇಲು ಒಯ್ಯುವಾಗ ಅಪ್ಪನ ಬಾಯಲ್ಲಿ ಆ ಹೆಸರು ನೂರು ಸಲವಾದರೂ ಬರುತ್ತದೆ. ಅದು ಅಮೆರಿಕದ ಒಂದು ಸೀಮೆಯ ಹೆಸರು ಅನ್ನುವುದು ಮಾತ್ರ ಅವರಿಗೆ ಗೊತ್ತಾದದ್ದು ನನ್ನ ತಮ್ಮ ಅಲ್ಲಿನ ರಿಚ್ಮಂಡ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಕಳೆದ ಅಕ್ಟೋಬರ್‌ನಲ್ಲಿ ನಾನೂ ಅಪ್ಪನೂ ಅವನ ಮನೆಗೆ ಹೋದೆವು. ಮೊದಲು ಎಲ್ಲಿಗೆ ಹೋಗೋಣ ಎಂದು ಅವನು ಕೇಳಿದ್ದಕ್ಕೆ ಅಪ್ಪ, “ಸೊಪ್ಪು ಮೊದಲು ಹಾಕಿದ ಜಾಗಕ್ಕೆ” ಅಂದರು.

ಆ ಜಾಗ ಜೇಮ್ಸ್ ಹೊಳೆಯ ದಂಡೆಯ ಜೇಮ್ಸ್‌ಟೌನ್. 1607ರ ಮೇ ತಿಂಗಳಲ್ಲಿ ಮೂರು ಹಡಗುಗಳಲ್ಲಿ ಬಂದ 104 ಗಂಡಸರು ಮತ್ತು ಹುಡುಗರು ಇಲ್ಲಿ ಇಳಿದರು. ಹೆಂಗಸರು ಒಬ್ಬರೂ ಇರಲಿಲ್ಲ. ಕಳಿಸಿದ್ದು ಲಂಡನ್ನಿನ ವರ್ಜೀನಿಯಾ ಕಂಪನಿ. ಷೇರು ಹಾಕಿದವರಿಗೆ ಲಾಭ ಬರಬೇಕಿತ್ತು, ಬಂದವರು ಚಿನ್ನ ಹುಡುಕಬೇಕಿತ್ತು. ಹೊಳೆಯ ಪಕ್ಕ ಇಟ್ಟಿಗೆಯ ಹಳೆಯ ಚರ್ಚ್ ಗೋಪುರವೊಂದು ನಿಂತಿದೆ. ಅದರಾಚೆ ಮೂರು ಮೂಲೆಯ ಕೋಟೆಯ ಗುರುತು. ಕೋಟೆಯನ್ನು ಹೊಳೆ ನುಂಗಿಬಿಟ್ಟಿದೆ ಎಂದೇ ಬಹಳ ಕಾಲ ಜನ ನಂಬಿದ್ದರಂತೆ. 1994ರಲ್ಲಿ ಶುರುವಾದ ಅಗೆತದಲ್ಲಿ ಅದು ಸಿಕ್ಕಿತು. ಈಗಲೂ ಅಗೆಯುತ್ತಿದ್ದಾರೆ. ಹುಡುಗಿಯೊಬ್ಬಳು ಹಗ್ಗ ಕಟ್ಟಿದ ಚೌಕದಲ್ಲಿ ಮಂಡಿಯೂರಿ ಕುಳಿತು ಕರಣೆಯಲ್ಲಿ ಮಣ್ಣು ಕೆರೆಯುತ್ತಿದ್ದಳು.

“ಕುಡಿಯೋಕೆ ನೀರು ಎಲ್ಲಿಂದ ತಂದ್ರು?” ಅಪ್ಪನ ಮೊದಲ ಪ್ರಶ್ನೆ ಇದು. ಅಲ್ಲಿನ ಕಥೆಯ ಅರ್ಧ ಭಾಗ ಅದರಲ್ಲೇ ಇದೆ. ಕಡಲಿನ ಉಬ್ಬರ ಇಲ್ಲಿಯವರೆಗೂ ಬರುತ್ತದೆ, ಬೇಸಿಗೆಯಲ್ಲಿ ಹೊಳೆ ನೀರು ಉಪ್ಪಾಗುತ್ತದೆ. ಸುತ್ತ ಜೌಗು. ಸ್ಪೇನಿನ ಹಡಗುಗಳ ಭಯಕ್ಕೆ ಹಡಗು ದಡಕ್ಕೇ ತಾಗುವಂಥ, ಕಾವಲಿಗೆ ಅನುಕೂಲವಾದ ಜಾಗ ಹಿಡಿದವರು ನೀರನ್ನು ನೋಡಲಿಲ್ಲ. ಅದರ ಮೇಲೆ ಬರಗಾಲ. ಹಳೆಯ ಸೈಪ್ರೆಸ್ ಮರಗಳ ಬಳೆಗಳನ್ನು ಎಣಿಸಿದವರು 1606ರಿಂದ 1612ರವರೆಗಿನ ಏಳು ವರ್ಷ ಸುಮಾರು 770 ವರ್ಷಗಳಲ್ಲೇ ಅತ್ಯಂತ ಒಣ ಕಾಲ ಎಂದು ಹೇಳಿದ್ದಾರೆ. ಆ ಬರ ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನರಿಗೂ ತಟ್ಟಿತ್ತು. ಕೋಟೆಯವರು ಅವರನ್ನು ಮುಸುಕಿನ ಜೋಳ ಕೇಳಿದರು, ಕೊಡದಿದ್ದಾಗ ಕಿತ್ತುಕೊಂಡರು. 1609-10ರ ಚಳಿಗಾಲದಲ್ಲಿ ಕೋಟೆಯೊಳಗಿದ್ದ ಸುಮಾರು 300 ಜನರಲ್ಲಿ ಬದುಕುಳಿದವರು 60 ಮಂದಿ. ಅಲ್ಲಿನ ಮ್ಯೂಸಿಯಂನಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ತಲೆಬುರುಡೆ ಇಟ್ಟಿದ್ದಾರೆ. ಸತ್ತ ಮೇಲೆ ಅವಳನ್ನು ತಿಂದ ಗುರುತು ಮೂಳೆಯ ಮೇಲಿವೆ. ಅಪ್ಪ ಅಲ್ಲಿ ನಿಲ್ಲಲಿಲ್ಲ, ಹೊರಗೆ ಹೋಗಿ ಮರದ ಕೆಳಗೆ ಕೂತರು.

ಊರು ಉಳಿದದ್ದು ಹೊಗೆಸೊಪ್ಪಿನಿಂದ. ಸ್ಥಳೀಯರು ಬೆಳೆಯುತ್ತಿದ್ದ ಸೊಪ್ಪು ಬಹಳ ಖಾರ. ಜಾನ್ ರಾಲ್ಫ್ ಸ್ಪೇನಿನ ವಸಾಹತುಗಳ ಕಡೆಯ ಬೀಜ ತರಿಸಿ 1612ರ ಸುಮಾರಿಗೆ ನೆಟ್ಟ. 1617ರಲ್ಲಿ ಸುಮಾರು 20,000 ಪೌಂಡ್ ಸೊಪ್ಪು ಇಂಗ್ಲೆಂಡಿಗೆ ಹೋಯಿತು. ಆ ವರ್ಷ ಬಂದ ಅಧಿಕಾರಿಯ ಕಣ್ಣಿಗೆ ಬಿದ್ದದ್ದು ಸಂತೆಮಾಳ, ಬೀದಿಗಳಲ್ಲೆಲ್ಲ ನೆಟ್ಟ ಹೊಗೆಸೊಪ್ಪು. ಹೊಟ್ಟೆಗೆ ಇಲ್ಲದೆ ಸತ್ತ ಊರಲ್ಲೇ, ಎರಡು ಎಕರೆ ಜೋಳ ಹಾಕದೆ ಸೊಪ್ಪು ಹಾಕಬಾರದು ಎಂದು ಕಟ್ಟಳೆ ಮಾಡಬೇಕಾಯಿತು. ಇದನ್ನು ಅಪ್ಪನಿಗೆ ಹೇಳಿದೆ. “ರೇಟು ಬಂದ ವರ್ಷ ನಮ್ಮೂರಲ್ಲಿ ರಾಗಿ ಯಾರು ಹಾಕ್ತಾರೆ ಹೇಳು” ಅಂದರು.

ಅಲ್ಲಿಂದ ಕಾರು ಸಮೇತ ದೋಣಿ ಹತ್ತಿ ಹೊಳೆ ದಾಟಿದೆವು. ಆ ದೋಣಿಗೆ ಟಿಕೆಟ್ ಇಲ್ಲ. ಆಚೆ ದಡದ ಸರಿ ಎಂಬ ಸೀಮೆಯಲ್ಲಿ ಹೊಲಗಳೋ ಹೊಲಗಳು, ಊರು ಅನ್ನುವಂಥದ್ದು ಕಾಣುವುದೇ ಇಲ್ಲ. ಅಪ್ಪ ರಸ್ತೆ ಬದಿ ಕಾರು ನಿಲ್ಲಿಸಿ ಒಂದು ಹಿಡಿ ಮಣ್ಣು ಎತ್ತಿ ಬೆರಳಲ್ಲಿ ಉಜ್ಜಿದರು. “ಮರಳು ಮಣ್ಣು. ಸೊಪ್ಪಿಗೆ ಇದೇ ಬೇಕು. ಆದ್ರೆ ಅದು ಭೂಮಿ ತಿಂದಾಕ್ಬಿಡ್ತದೆ ಕಣವ್ವ.” ಗೊಬ್ಬರವಿಲ್ಲದ ಆ ಕಾಲದಲ್ಲಿ ಮೂರು ನಾಲ್ಕು ಬೆಳೆಗೆ ಹೊಲ ಸೋತುಹೋಗುತ್ತಿತ್ತು. ಆಗ ಮುಂದಿನ ಕಾಡು ಕಡಿಯಬೇಕು, ಅಂದರೆ ಸ್ಥಳೀಯರ ನೆಲ ಹಿಡಿಯಬೇಕು. ಹಡಗು ಪ್ರತಿಯೊಬ್ಬ ಜಮೀನುದಾರನ ಹೊಳೆದಂಡೆಗೇ ಬಂದು ಸೊಪ್ಪು ತುಂಬಿಕೊಳ್ಳುತ್ತಿದ್ದರಿಂದ ಪೇಟೆ ಬೆಳೆಯಲು ಕಾರಣವೇ ಇರಲಿಲ್ಲ. ಒಬ್ಬ ಆಳಿನ ಹಡಗು ಖರ್ಚು ಕೊಟ್ಟರೆ 50 ಎಕರೆ ಸಿಗುತ್ತಿತ್ತು. ಆಳು ಹೆಚ್ಚಾದಷ್ಟೂ ನೆಲ ಹೆಚ್ಚು. ಕರಾರಿನ ಮೇಲೆ ಬಂದ ಇಂಗ್ಲಿಷ್ ಬಡವರು ನಾಲ್ಕರಿಂದ ಏಳು ವರ್ಷ ದುಡಿಯಬೇಕಿತ್ತು. ಜೀತ ಎನ್ನದೆ ಇನ್ನೇನು ಅನ್ನಲಿ?

ಆದರೆ ಅವರ ಜೀತಕ್ಕೆ ಒಂದು ಕೊನೆಯಿತ್ತು. 1619ರ ಆಗಸ್ಟ್ ಕೊನೆಯಲ್ಲಿ ಇದೇ ಹೊಳೆಯ ಬಾಯಲ್ಲಿ, ಪಾಯಿಂಟ್ ಕಂಫರ್ಟ್‌ನಲ್ಲಿ, ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಇಳಿಸಿದರು. ತಿಂಗಳ ಹಿಂದಷ್ಟೇ, ಜುಲೈ 30ರಂದು, ಜೇಮ್ಸ್‌ಟೌನ್ ಚರ್ಚಿನಲ್ಲಿ ವಸಾಹತಿನ ಮೊದಲ ಚುನಾಯಿತ ಸಭೆ ಕೂತಿತ್ತು. ಆ ನೆಲದ ಮೇಲೆ ನಿಂತಾಗ ಈ ಎರಡು ತಾರೀಖುಗಳನ್ನು ಬೇರೆ ಬೇರೆ ಮಾಡಿ ನೋಡಲು ನನ್ನಿಂದ ಆಗಲಿಲ್ಲ. 1662ರಲ್ಲಿ ಅದೇ ಶಾಸನಸಭೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂದು ಕಾನೂನು ಮಾಡಿ ಗುಲಾಮಗಿರಿಯನ್ನು ವಂಶಕ್ಕೆ ಕಟ್ಟಿತು.

ವಿಲಿಯಮ್ಸ್‌ಬರ್ಗ್‌ನಿಂದ ಬಾಸ್ಟನ್‌ಗೆ ನೇರ ರೈಲಿದೆ, ಇಡೀ ದಿನದ ಪ್ರಯಾಣ. ಫಿಲಡೆಲ್ಫಿಯಾ ಕಿಟಕಿಯಲ್ಲೇ ಸರಿದುಹೋಯಿತು. ಆ ಊರಿರುವ ಪೆನ್ಸಿಲ್ವೇನಿಯಾ, ವಿಲಿಯಂ ಪೆನ್ ಎಂಬವನ ತಂದೆಗೆ ರಾಜ ಕೊಡಬೇಕಿದ್ದ ಸಾಲದ ಬದಲು ಪೆನ್ 1681ರಲ್ಲಿ ಪಡೆದ ಸೀಮೆ. ಪೆನ್‌ನ ಕ್ರೈಸ್ತ ಪಂಥದವರಾದ ಕ್ವೇಕರರ ಜೊತೆಗೆ ಜರ್ಮನರೂ ಬಂದು ಗೋಧಿ ಬೆಳೆದರು. ಅದನ್ನು ಇನ್ನೊಮ್ಮೆ ಇಳಿದು ನೋಡಬೇಕು.

ಬಾಸ್ಟನ್ನಿನ ಚಳಿಗೆ ಅಪ್ಪ ಮಫ್ಲರ್ ಬಿಚ್ಚಲೇ ಇಲ್ಲ. ಊರ ನಡುವಿನ ಹುಲ್ಲುಗಾವಲು, ಬಾಸ್ಟನ್ ಕಾಮನ್, ಅವರಿಗೆ ಹಿಡಿಸಿತು. 1634ರಲ್ಲಿ ಎಲ್ಲರ ದನ ಮೇಯಲೆಂದು ಬಿಟ್ಟ ಗೋಮಾಳವಾಗಿತ್ತು ಅದು. ಇಲ್ಲಿ 1630ರಿಂದಾಚೆ ಹತ್ತು ವರ್ಷದಲ್ಲಿ ಬಂದ ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆಂಬ ಸುಮಾರು 20,000 ಪ್ಯೂರಿಟನ್ನರಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳೊಂದಿಗೆ ಬಂದವರು. ಕೆಲವೊಮ್ಮೆ ಒಂದೂರಿನ ಪಾದ್ರಿಯ ಹಿಂದೆ ಅವನ ಸಭೆಯವರೂ ಹೊರಟು ಬಂದರು. ಊರಿಗೆ ಊರೇ ನೆಲ ಪಡೆದು ಮನೆಗಳನ್ನು ಹತ್ತಿರ ಹತ್ತಿರ ಕಟ್ಟಿಕೊಂಡರು. ಬೈಬಲ್ಲನ್ನು ಪ್ರತಿಯೊಬ್ಬರೂ ಓದಬೇಕೆಂಬುದು ಅವರ ನಂಬಿಕೆ. ಅದಕ್ಕೇ 1636ರಲ್ಲೇ ಹಾರ್ವರ್ಡ್, 1647ರಲ್ಲಿ ಐವತ್ತು ಮನೆಯ ಊರು ಮೇಷ್ಟ್ರನ್ನು ಇಟ್ಟುಕೊಳ್ಳಲೇಬೇಕೆಂಬ ಕಾನೂನು. 1671ರಲ್ಲಿ ವರ್ಜೀನಿಯಾದ ಗವರ್ನರ್ ಬರ್ಕ್ಲಿ, ತನ್ನ ಸೀಮೆಯಲ್ಲಿ ಪುಕ್ಕಟೆ ಶಾಲೆಯೂ ಇಲ್ಲ, ಮುದ್ರಣವೂ ಇಲ್ಲ ಎಂದು ದೇವರಿಗೆ ಕೃತಜ್ಞತೆ ಹೇಳಿದ್ದ. ನಾನು ಮೇಷ್ಟ್ರ ಕೆಲಸ ಮಾಡುವವಳು. ಆ ಮಾತು ಓದಿದಂದಿನಿಂದ ಮನಸ್ಸಿನಿಂದ ಹೋಗಿಲ್ಲ.

ಮಣ್ಣೇ ಎಲ್ಲವನ್ನೂ ತೀರ್ಮಾನಿಸಿತು ಎಂದು ಅಪ್ಪ ವಾದಿಸಿದರು. ನಾನು ಪೂರ್ತಿ ಒಪ್ಪಲಿಲ್ಲ. ಕಲ್ಲು ನೆಲ ಶಾಲೆ ಕಟ್ಟುವುದಿಲ್ಲ, ಬಂದ ಜನರ ನಂಬಿಕೆ ಕಟ್ಟಿತು. ಅದೇ ನಂಬಿಕೆಯೇ ಭಿನ್ನ ಮಾತಾಡಿದ ಪಾದ್ರಿ ರೋಜರ್ ವಿಲಿಯಮ್ಸ್‌ನನ್ನು ಹೊರಹಾಕಿತು, 1660ರಲ್ಲಿ ಕ್ವೇಕರ್ ಹೆಂಗಸು ಮೇರಿ ಡೈಯರ್‌ಳನ್ನು ನೇಣಿಗೆ ಹಾಕಿತು. ಗುಲಾಮಗಿರಿಯನ್ನು 1641ರಲ್ಲೇ ಲಿಖಿತ ಕಾನೂನಿನಲ್ಲಿ ಒಪ್ಪಿದ್ದೂ ಬಾಸ್ಟನ್ ಇರುವ ಇದೇ ಮ್ಯಾಸಚೂಸೆಟ್ಸ್ ಸೀಮೆ. ಇಲ್ಲಿನ ಮೀನು, ಮರದ ದಿಮ್ಮಿಗೆ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳೇ ದೊಡ್ಡ ಗಿರಾಕಿ. ಉತ್ತರದವರ ಕೈ ಶುದ್ಧವಾಗಿತ್ತು ಎಂದು ಹೇಳಲಾರೆ.

ಪ್ಲಿಮತ್‌ಗೆ ಹೋಗುವ ದಾರಿಯಲ್ಲಿ ಕಾಡಿನೊಳಗೂ ಸೊಂಟದೆತ್ತರದ ಕಲ್ಲುಗೋಡೆಗಳು. ಪ್ರತಿ ಚಳಿಗಾಲ ನೆಲ ಹೆಪ್ಪುಗಟ್ಟಿ ಕಲ್ಲುಗಳನ್ನು ಮೇಲೆ ತಳ್ಳುತ್ತದೆ. ರೈತರು ಆಯ್ದು ಆಯ್ದು ಬದಿಗೆ ಒಟ್ಟಿದ್ದು. “ಇಲ್ಲಿ ಸಾಹುಕಾರನಾಗೋದು ಕಷ್ಟ” ಎಂದರು ಅಪ್ಪ. ಹೊಟ್ಟೆಪಾಡಿನ ಬೇಸಾಯಕ್ಕೆ ಮನೆಮಂದಿಯ ಕೈಯೇ ಸಾಕಾಗುತ್ತಿತ್ತು.

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್‌ಗೆ ಬಂದ 102 ಜನರಲ್ಲಿ ಅರ್ಧದಷ್ಟು ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಉಳಿದವರಿಗೆ ಬೇಸಾಯಕ್ಕೆ ಹಸನಾದ ಹೊಲಗಳು ಸಿದ್ಧವಾಗಿ ಸಿಕ್ಕಿದ್ದವು. ಯಾಕೆಂದರೆ ಅದು ಮೂಲನಿವಾಸಿಗಳ ಪಟುಕ್ಸೆಟ್ ಎಂಬ ಹಳ್ಳಿಯಾಗಿತ್ತು. ಮೂರು ನಾಲ್ಕು ವರ್ಷ ಹಿಂದೆ ಬಂದ ರೋಗಕ್ಕೆ ಅಲ್ಲಿನ ಜನ ಸತ್ತುಹೋಗಿದ್ದರು. ಆ ಊರಿನವನಾದ ಟಿಸ್ಕ್ವಾಂಟಮ್, ಹಿಂದೆ ಅಪಹರಣಕ್ಕೊಳಗಾಗಿ ಯುರೋಪಿಗೆ ಹೋಗಿ ಮರಳಿದವನು, ಇವರಿಗೆ ಮುಸುಕಿನ ಜೋಳ ನೆಡುವುದನ್ನು ಹೇಳಿಕೊಟ್ಟ. ಸುತ್ತಲಿನ ವಾಂಪನೋಗ್ ಜನರ ನಾಯಕ ಮಸ್ಸಸೋಯಿಟ್ ಇವರೊಡನೆ ಒಪ್ಪಂದ ಮಾಡಿಕೊಂಡ. 1676ರಲ್ಲಿ, ಇಂಗ್ಲಿಷರ ವಿರುದ್ಧ ಯುದ್ಧಕ್ಕೆ ನಿಂತ ಅವನ ಮಗ ಮೆಟಕಾಮ್‌ನ ತಲೆಯನ್ನು ಇದೇ ಊರಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ಟರು. ಅದೇ ವರ್ಷ ವರ್ಜೀನಿಯಾದಲ್ಲಿ ನೆಲಕ್ಕಾಗಿ ಬಂಡೆದ್ದ ಬೇಕನ್‌ನ ಜನ ಜೇಮ್ಸ್‌ಟೌನ್ ಸುಟ್ಟರು.

ಕೋಲ್ಸ್ ಹಿಲ್ ಗುಡ್ಡದ ಮೇಲೆ ಕಡಲ ಕಡೆ ಮುಖಮಾಡಿ ಮಸ್ಸಸೋಯಿಟ್‌ನ ಪ್ರತಿಮೆ ನಿಂತಿದೆ. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇಲ್ಲಿ ಮೂಲನಿವಾಸಿಗಳು ಸೇರಿ ಶೋಕ ಆಚರಿಸುತ್ತಾರೆ ಎಂದು ಫಲಕದಲ್ಲಿದೆ. ನಾನು ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ಇವರ ಜನ ಈಗ ಎಲ್ಲವ್ರೆ?”

“ಮ್ಯಾಶ್‌ಪೀ ಅಂತ ಊರಿದೆ ಅಪ್ಪ, ಒಂದು ಗಂಟೆ ದಾರಿಯೂ ಇಲ್ಲ.”

“ಮತ್ತೆ ಈ ಕಲ್ಲು ನೋಡ್ಕೊಂಡು ಯಾಕೆ ನಿಂತಿದ್ದೀವಿ? ನಾಳೆ ಅಲ್ಲಿಗೇ ಹೋಗೋಣ ನಡಿ.”

ಮಾರನೇ ದಿನ ಬಾಸ್ಟನ್‌ಗೆ ವಾಪಸು ಹೋಗುವುದನ್ನು ಬಿಟ್ಟು ಮ್ಯಾಶ್‌ಪೀ ದಾರಿ ಹಿಡಿದೆವು.