ಪೇನ್ಸ್‌ವಿಕ್‌ನ ಕಲ್ಲಿನ ಗೋರಿ ನೋಡಲು ಹೋಗುವವರಿಗೆ

ಮೊದಲ ಸಲ ಹೋದಾಗ ನವೆಂಬರ್, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿರುವ ಈ ಊರು ಮುಟ್ಟುವಾಗ ಮಧ್ಯಾಹ್ನ ಮೂರೂವರೆ. ಅರ್ಧ ಗಂಟೆಯಲ್ಲಿ ಕತ್ತಲು. ನೀವು ಹಾಗೆ ಮಾಡಬೇಡಿ. ಮೇ ತಿಂಗಳಲ್ಲಿ ಮತ್ತೆ ಹೋದೆ, ಬೆಳಿಗ್ಗೆಯೇ. ಆಗಲೇ ನಿಜವಾಗಿ ನೋಡಿದ್ದು.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ಟ್ರೌಡ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಚೆಲ್ಟನಂ ಕಡೆಯ 66ನೇ ನಂಬರ್ ಬಸ್ಸು. ಭಾನುವಾರ ಬಸ್ಸು ಕಡಿಮೆ, ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ.

ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಬರುವ ಹೆಚ್ಚಿನವರು ಕತ್ತರಿಸಿ ದುಂಡಗೆ ಮಾಡಿದ ಯೂ ಎಂಬ ನಿತ್ಯಹಸಿರು ಮರಗಳ ಫೋಟೋ ತೆಗೆದು ಹೊರಟುಬಿಡುತ್ತಾರೆ. ತೊಂಬತ್ತೊಂಬತ್ತೇ ಮರ, ನೂರನೆಯದನ್ನು ನೆಟ್ಟರೆ ಸೈತಾನ ಆ ಮರವನ್ನು ಸಾಯಿಸುತ್ತಾನೆ ಅನ್ನೋದು ಊರಿನ ಕತೆ. ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿತು, ಬಿಟ್ಟೆ. ಸುಮ್ನೆ ಬಗ್ಗಿ ಗೋರಿಗಳನ್ನು ನೋಡಿ.

ಇವು ಪೆಟ್ಟಿಗೆಯ ಆಕಾರದವು. ಆದರೆ ಹೆಣ ಪೆಟ್ಟಿಗೆಯೊಳಗಿಲ್ಲ, ನೆಲದಡಿ ಇದೆ. ಮೇಲಿನದು ಬರೀ ಟೊಳ್ಳು. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಉಣ್ಣೆ ಬಟ್ಟೆಯ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನೆತನಗಳು ಇಲ್ಲಿನದೇ ಸುಣ್ಣಕಲ್ಲಿನಲ್ಲಿ ಕೆತ್ತಿಸಿದವು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ನಮ್ಮ ಬೇಲೂರಿನ ಬಳಪದ ಕಲ್ಲಿನದೂ ಇದೇ ಗುಣ ಅಲ್ವಾ?

ನನ್ನ ಮಟ್ಟಿಗೆ ನೋಡಬೇಕಾದ್ದು ಪೆಟ್ಟಿಗೆಯ ಗಿಡ್ಡ ಬದಿಗಳು. ಕೆಲವಕ್ಕೆ ಅಲ್ಲಿ ವೀಣೆಯಂಥ ವಾದ್ಯದ ಹಾಗೆ ಬಳುಕುವ ಕಲ್ಲು, ನಡುವೆ ಕೆನ್ನೆ ಉಬ್ಬಿದ ದೇವದೂತ ಮಗುವಿನ ಮುಖ. ಒಂದು ಮಗುವಿನ ಮೂಗು ಸವೆದು ಚಪ್ಪಟೆಯಾಗಿತ್ತು, ರೆಕ್ಕೆಯ ಗರಿಗಳು ಮಾತ್ರ ಒಂದೊಂದಾಗಿ ಎಣಿಸುವಂತಿದ್ದವು, ಅದೂ ಬಿಸಿಲು ಓರೆಯಾಗಿ ಬಿದ್ದಾಗ. ನೆತ್ತಿಯ ಬಿಸಿಲಿಗೆ ಅರ್ಧ ಕಾಣಿಸುವುದಿಲ್ಲ. ಕೆಲವು ಗೋರಿಗಳು ದುಂಡಗೆ, ಎತ್ತರಕ್ಕಿವೆ. ಅವಕ್ಕೆ ಚಹಾಪುಡಿ ಡಬ್ಬಿ ಅಂತಲೇ ಹೆಸರು! 1787ರಲ್ಲಿ ತೀರಿಕೊಂಡ ಜಾನ್ ಬ್ರಯಾನ್ ಇಲ್ಲಿನ ಕಲ್ಲುಕೆಲಸದ ಮನೆತನದವನು. ಅವನ ಗೋರಿ ಮಾತ್ರ ಪಿರಮಿಡ್ಡು. ಹೂವು, ಮಗು, ರೆಕ್ಕೆ ಕೆತ್ತಿದ ಮನೆಯವನಿಗೆ ಇಷ್ಟು ಬೋಳು ಗೋರಿ ಯಾಕೋ, ನನಗಂತೂ ಅದೇ ಜಾಸ್ತಿ ಹಿಡಿಸಿತು.

ಗೋರಿಗೆ ಒರಗಬೇಡಿ, ಮೇಲೆ ಕೂರಬೇಡಿ. ಕಲ್ಲು ಹಿಡಿದಿಟ್ಟ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿದರೆ ಕಲ್ಲು ಸೀಳುತ್ತದೆ, ಹಲಗೆ ಸಡಿಲವಾಗುತ್ತದೆ. ಅಕ್ಷರ ಓದಲು ಪಾಚಿ ಕೆರೆಯುವುದೂ ಬೇಡ, ಕಲ್ಲೇ ಎದ್ದು ಬರುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಓದಲು ಸಾಕು.

ಎರಡು ಗಂಟೆ ಇಟ್ಟುಕೊಳ್ಳಿ. ಮಳೆ ಬಿದ್ದಿದ್ದರೆ ಹುಲ್ಲು ಜಾರುತ್ತದೆ, ಹಿಡಿತವಿರುವ ಶೂ ಬೇಕು. ವಾಪಸ್ ಬಸ್ಸಿನ ಸಮಯವನ್ನು ಇಳಿದ ಸ್ಟಾಪಿನಲ್ಲೇ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ಪಿರಮಿಡ್ ಮುಂದೆ ನಿಂತೇ ಒಂದು ಬಸ್ಸು ತಪ್ಪಿಸಿಕೊಂಡೆ.